ಬೆವರು ಸುರಿಯುತ್ತಿದ್ದರೆ ಅಪಾಯವಿಲ್ಲವೇ?

ಗಡಿನಾಡಿನ ಡೆಲಿವರಿ ಕೆಲಸಗಾರರು ಈ ಸಲ ಕೇಳಿದ ಪ್ರಶ್ನೆಗಳೆಲ್ಲ ಸೆಕೆಯ ಸುತ್ತಲಿನವು.

ಪ್ರಶ್ನೆ: ಕಾಸರಗೋಡಿನಲ್ಲಿ ಉಷ್ಣತೆ 36ರ ಆಸುಪಾಸು. ಅಣ್ಣ ಸೊಲ್ಲಾಪುರದಲ್ಲಿ 42 ಡಿಗ್ರಿ ಬಿಸಿಲಲ್ಲಿ ಪಾರ್ಸೆಲ್ ಹಂಚುತ್ತಾನೆ, ಆರಾಮಾಗಿದ್ದಾನೆ. ನನಗೆ ಮಾತ್ರ ಮಧ್ಯಾಹ್ನವಾದರೆ ತಲೆನೋವು, ವಾಕರಿಕೆ. ಬೆವರಂತೂ ಧಾರಾಳ ಸುರಿಯುತ್ತದೆ. ಹಾಗಾದರೆ ಇದು ಬಿಸಿಲಿನಿಂದ ಅಲ್ಲ ತಾನೆ?
— ಓದುಗರು, ಕುಂಬಳೆ

ಬಿಸಿಲಿನಿಂದಲೇ. ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕಿ ಹೋಗುತ್ತದೆ. ನೀರು, ಉಪ್ಪು ಎರಡೂ ನಷ್ಟ, ತಂಪು ಮಾತ್ರ ಇಲ್ಲ. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಯಲು ಸೀಮೆಯಲ್ಲಿ 40 ಡಿಗ್ರಿಯಿಂದ, ಕರಾವಳಿಯಲ್ಲಿ 37ರಿಂದಲೇ.

ಅಣ್ಣ ಆರಾಮಾಗಿದ್ದಾನೆ ಎಂಬುದೂ ಪೂರ್ತಿ ನಂಬುವ ಮಾತಲ್ಲ. ಸೊಲ್ಲಾಪುರದ ಒಣಗಾಳಿಯಲ್ಲಿ ಬೈಕ್ ಓಡಿಸುವಾಗ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೇ ಆರುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಕಾಲರಿನ ಸುತ್ತ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಸಂಜೆ ಮೂತ್ರ ಗಾಢ ಹಳದಿಯಾಗಿದ್ದರೆ ದಿನವಿಡೀ ನೀರು ಸಾಲಲಿಲ್ಲ ಎಂದೇ ಅರ್ಥ.

ನೀವು ಹೇಳಿದ ಲಕ್ಷಣಗಳು ಶಾಖದ ಬಳಲಿಕೆಯವು. ಶುರುವಾದ ಕೂಡಲೇ ಗಾಡಿ ನಿಲ್ಲಿಸಿ, ನೆರಳಿಗೆ ಹೋಗಿ, ಹೆಲ್ಮೆಟ್ ಮತ್ತು ಶೂ ತೆಗೆದು, ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿ. ಮುಖ, ಕುತ್ತಿಗೆ, ಕೈಗಳಿಗೆ ನೀರು ಹಾಕಿ ಗಾಳಿ ಬೀಸಿಕೊಳ್ಳಿ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ, ಅಥವಾ ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೋಗಿ. ಸರಿಹೋದರೂ ಆ ದಿನ ಮತ್ತೆ ರಸ್ತೆಗಿಳಿಯಬೇಡಿ. ಇನ್ಸೆಂಟಿವ್ ಹೋಗುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇವೆ.

ಪ್ರಶ್ನೆ: ಎಷ್ಟು ನೀರು ಕುಡಿಯಬೇಕು? ಬೊಂಡ (ಎಳನೀರು), ಪುನರ್ಪುಳಿ (ಕೋಕಂ) ಶರಬತ್ತು ಸಾಕೇ, ಓಆರ್‌ಎಸ್ಸೇ ಬೇಕೇ?
— ಓದುಗರು, ಬದಿಯಡ್ಕ

ಬಿಸಿಲಲ್ಲಿರುವಷ್ಟು ಹೊತ್ತು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200–250 ಮಿ.ಲೀ. ಪ್ರತಿ ಪಿಕಪ್‌ನಲ್ಲಿ ಒಂದು ಲೋಟ ಎಂದಿಟ್ಟುಕೊಂಡರೆ ಹೆಚ್ಚುಕಡಿಮೆ ಲೆಕ್ಕ ಸರಿಹೋಗುತ್ತದೆ. ಬಾಯಾರಿಕೆಗೆ ಕಾಯಬೇಡಿ, ಅದು ತಡವಾಗಿ ಬರುತ್ತದೆ. ಆದರೆ ಗಂಟೆಗೆ 1.4 ಲೀಟರ್ ಮೀರುವುದೂ ಬೇಡ: ಬರಿ ನೀರು ವಿಪರೀತವಾದರೆ ರಕ್ತದ ಸೋಡಿಯಂ ತೆಳುವಾಗಿ ಅದೇ ತಲೆನೋವು, ವಾಕರಿಕೆ, ಗೊಂದಲ ಬರುತ್ತದೆ. ಬಿಸಿಲೇ ಕಾರಣ ಎಂದುಕೊಂಡು ಮತ್ತಷ್ಟು ನೀರು ಕುಡಿಯುವವರಿದ್ದಾರೆ.

ಬೊಂಡದಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಬೊಂಡ ಒಳ್ಳೆಯದು, ಆದರೆ ಉಪ್ಪಿನ ಲೆಕ್ಕ ತೀರಿಸುವುದಿಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿ ತಿಳಿ ಇದಕ್ಕಿಂತ ಮೇಲು. ಪುನರ್ಪುಳಿಯೂ ಆದೀತು, ಸಕ್ಕರೆ ಕಡಿಮೆ ಮಾಡಿ ಚಿಟಿಕೆ ಉಪ್ಪು ಹಾಕಿಸಿಕೊಂಡರೆ. ಬೆಳಿಗ್ಗೆ ಊಟ-ತಿಂಡಿ ಸರಿಯಾಗಿ ಮಾಡಿದವರಿಗೆ ಇಷ್ಟು ಸಾಕು. ಎರಡು ಗಂಟೆಗಿಂತ ಹೆಚ್ಚು ಬೆವರು ಸುರಿದ ದಿನ ಓಆರ್‌ಎಸ್ ತೆಗೆದುಕೊಳ್ಳಿ.

ದೊಡ್ಡ ಪೊಟ್ಟಣ ಸರಿಯಾಗಿ ಒಂದು ಲೀಟರಿಗೆ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಸುರಿಯಬೇಡಿ, 200 ಮಿ.ಲೀ.ಗೆ ಬೇರೆಯೇ ಸಣ್ಣ ಪೊಟ್ಟಣ ಸಿಗುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿಬಿಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಎಂದಿದೆಯೇ ನೋಡಿ. ಟೆಟ್ರಾಪ್ಯಾಕಿನ ಸಿಹಿ ಪಾನೀಯಗಳು ಬಹುಕಾಲ ಓಆರ್‌ಎಸ್ ಹೆಸರಿನಲ್ಲೇ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಕೂಡದೆಂದು ಆದೇಶಿಸಿತು. ಬಿಪಿ, ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ.

ಪ್ರಶ್ನೆ: ಜೊತೆಯವನು ದಾರಿಯಲ್ಲೇ ಕುಸಿದರೆ ಮೊದಲು ಮಾಡಬೇಕಾದ್ದೇನು?
— ಓದುಗರು, ಉಪ್ಪಳ

ಹೆಸರು, ಈಗ ಎಲ್ಲಿದ್ದೀಯ ಎಂದು ಕೇಳಿ. ತಡವರಿಸಿದರೆ, ಅಸಂಬದ್ಧ ಮಾತಾಡಿದರೆ, ಸಿಡಿಮಿಡಿಗೊಂಡರೆ, ಫಿಟ್ಸ್ ಬಂದರೆ ಅದು ಶಾಖಾಘಾತ (ಹೀಟ್ ಸ್ಟ್ರೋಕ್) ಎಂದೇ ತಿಳಿಯಿರಿ. ಒಳಮೈ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿರಬೇಕು ಎಂಬುದು ಹಳೆಯ ಮಾತು. ದುಡಿಯುತ್ತ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು.

108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ಮೆದುಳು ಉಳಿಯುವುದು ಎಷ್ಟು ಬೇಗ ತಂಪು ಮಾಡಿದಿರಿ ಎಂಬುದರ ಮೇಲೆ. ಅಂಗಿ ತೆಗೆದು ಬಕೆಟುಗಟ್ಟಲೆ ತಣ್ಣೀರು ಸುರಿಯಿರಿ, ಸುರಿಯುತ್ತಲೇ ಇರಿ. ಒಣಹವೆಯ ಊರಲ್ಲಿ ನೀರು ಚಿಮುಕಿಸಿ ಗಾಳಿ ಹಾಕಿದರೂ ಚೆನ್ನಾಗಿ ತಂಪಾದೀತು, ನಮ್ಮ ಕರಾವಳಿಯಲ್ಲಿ ಅದು ಸಾಲದು. ಮೀನಿನಂಗಡಿ ಹತ್ತಿರವಿದ್ದರೆ ಅಲ್ಲಿಯ ಐಸನ್ನು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ, ಬಟ್ಟೆ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ವಾಂತಿಯಾದರೆ ಮಗ್ಗುಲಿಗೆ ಹೊರಳಿಸಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಇದು ಜ್ವರವಲ್ಲ.

ಪ್ರಶ್ನೆ: ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ, ಬಾಟಲಿ ನೀರು ಹತ್ತು ಗಂಟೆಗೇ ಬಿಸಿ. ಉಪಾಯವಿದೆಯೇ?
— ಓದುಗರು, ಜತ್ತ

ಹೆಲ್ಮೆಟ್ ಬಿಡುವಂತಿಲ್ಲ. ಒಳಗೆ ತೆಳು ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ ಕಟ್ಟಿಕೊಳ್ಳಿ. ಪ್ರತಿ ಪಿಕಪ್‌ನಲ್ಲಿ ಹೆಲ್ಮೆಟ್ ತೆಗೆದು ಮತ್ತೆ ಅದ್ದಿ. ಬ್ಯಾಗನ್ನು ಬೆನ್ನಿಗೆ ಹೊರದೆ ಕ್ಯಾರಿಯರಿಗೆ ಬಿಗಿಯಿರಿ. ಬೆನ್ನು ಮುಚ್ಚಿದರೆ ಬೆವರು ಆರುವ ದೊಡ್ಡ ಜಾಗವೇ ಹೋಯಿತು. ಸ್ಕೂಟರಿನ ಸೀಟಿನಡಿ ನೀರಿಟ್ಟರೆ ಎಂಜಿನ್ ಕಾವಿಗೆ ಕಾಯುತ್ತದೆ, ಬಿಸಿನೀರನ್ನು ಯಾರೂ ಸಾಕಷ್ಟು ಕುಡಿಯುವುದಿಲ್ಲ. ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿ ಮುಂದೆ ಗಾಳಿಗೆ ತೂಗುಹಾಕಿ. ನಿಮ್ಮ ಜತ್ತದ ಒಣಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಾಸರಗೋಡಿನವರು ಮಾತ್ರ ರಾತ್ರಿಯೇ ಅರ್ಧ ಬಾಟಲಿ ನೀರು ಹೆಪ್ಪುಗಟ್ಟಿಸಿಟ್ಟು ಬೆಳಿಗ್ಗೆ ಮೇಲೆ ನೀರು ತುಂಬಿಕೊಳ್ಳಬೇಕು.

ಪ್ರಶ್ನೆ: ಪರೀಕ್ಷೆ ಮುಗಿಸಿ ಏಪ್ರಿಲಿನಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ. ಮೊದಲ ದಿನವೇ ಪೂರ್ತಿ ಶಿಫ್ಟ್ ಮಾಡಬಹುದೇ? ಮಧ್ಯಾಹ್ನ ವಿರಾಮದ ಕಾನೂನು ನಮಗಿಲ್ಲವೇ?
— ಓದುಗರು, ಮಂಜೇಶ್ವರ

ಬೇಡ. ಹೊಸಬರಿಗೆ ಮೊದಲ ದಿನ ಪೂರ್ತಿ ಹೊತ್ತಿನ ಶೇ 20ರಷ್ಟು ಬಿಸಿಲು ಸಾಕು, ಆಮೇಲೆ ದಿನಕ್ಕೆ ಶೇ 20 ಏರಿಸುತ್ತ ಹೋಗಿ. ಬೇಗ, ಹೆಚ್ಚು ಬೆವರಲು ಮೈ ಕಲಿಯುವುದಕ್ಕೆ ಒಂದೆರಡು ವಾರ ಬೇಕು. ವಾರಗಟ್ಟಲೆ ರಜೆ ಮಾಡಿ ಮರಳಿದ ಹಳಬರೂ ಅರ್ಧ ಶಿಫ್ಟಿನಿಂದಲೇ ಶುರುಮಾಡಲಿ.

ಕೇರಳದ ಕಾರ್ಮಿಕ ಇಲಾಖೆ 2025ರಲ್ಲಿ ಫೆಬ್ರವರಿ 11ರಿಂದ ಮೇ 10ರವರೆಗೆ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕಡ್ಡಾಯ ಮಾಡಿತ್ತು. ಆದರೆ ಕಂಪನಿಗಳು ನಿಮ್ಮನ್ನು 'ಪಾರ್ಟ್‌ನರ್' ಎನ್ನುತ್ತವೆ, ನೌಕರ ಎನ್ನುವುದಿಲ್ಲ. ಆದ್ದರಿಂದ ಅದನ್ನೇ ನಂಬಿ ಕೂರುವಂತಿಲ್ಲ. ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಿಸಿಲಿನ ಎಚ್ಚರಿಕೆ. ದ್ವಿಚಕ್ರದಲ್ಲಿ ಆನ್‌ಲೈನ್ ಆಹಾರ ಒಯ್ಯುವವರು ಬೆಳಿಗ್ಗೆ 11ರಿಂದ 3ರವರೆಗೆ ಸುರಕ್ಷಿತರೆಂದು ಸಂಸ್ಥೆಗಳೇ ಖಾತ್ರಿಪಡಿಸಬೇಕು, ದಾರಿಯಲ್ಲಿ ವಿಶ್ರಮಿಸಲು ಬಿಡಬೇಕು ಎಂದು ಅದರಲ್ಲಿ ಹೆಸರಿಸಿಯೇ ಇದೆ. ಅದರ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ತಡವಾಯಿತೆಂದು ದಂಡ ಹಾಕಿದರೆ ಆ್ಯಪ್‌ನ ಸಹಾಯ ವಿಭಾಗಕ್ಕೆ ದೂರಿನ ಜೊತೆ ಅದನ್ನೂ ಸೇರಿಸಿ ಕಳುಹಿಸಿ.