ಕಾರ್ಬನ್ ಪ್ಲೇಟ್ ಶೂ ಬೇಕಾ?

ನಮಸ್ಕಾರ ಸರ್. ಮಗಳು ತೀರ್ಥಹಳ್ಳಿಯಲ್ಲಿ ಅಭ್ಯಾಸ ಮಾಡುತ್ತಾಳೆ, ಶಿವಮೊಗ್ಗದ ಟ್ರ್ಯಾಕಿನಲ್ಲಿ 5,000 ಮೀಟರ್ ಓಡಬೇಕು, ಕಾರ್ಬನ್ ಪ್ಲೇಟಿನ (ಅಡಿಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರುವ) ದುಬಾರಿ ಶೂ ಕೊಡಿಸಲಾ ಅಂತ ಕೇಳಿದ್ದೀರಿ. ಈಗ ಬೇಡ.

ಕೊಲರಾಡೊ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ ಶೂ ಹಾಕಿ ಓಡಿದವರಿಗೆ ಬೇರೆ ಶೂಗಿಂತ ಸರಾಸರಿ ಶೇ. 4ರಷ್ಟು ಕಡಿಮೆ ಶಕ್ತಿ ಸಾಕಾಗಿತ್ತು. ಎಲ್ಲರೂ ಪ್ಲೇಟಿನ ಮಹಿಮೆ ಅಂದುಕೊಂಡರು. ಆಮೇಲೆ ಸಂಶೋಧಕರು ಪ್ಲೇಟನ್ನೇ ಅಡ್ಡಡ್ಡ ಕತ್ತರಿಸಿ ಓಡಿಸಿ ನೋಡಿದರು. ವ್ಯತ್ಯಾಸ ಶೇ. 1ರಷ್ಟೂ ಇಲ್ಲ! ಅಂದರೆ ಮುಖ್ಯ ಕೆಲಸ ಅಡಿಯಲ್ಲಿರುವ ಪೀಬಾ ಎಂಬ ಹಗುರ, ಪುಟಿಯುವ ಫೋಮಿನದು. ತುಳಿದಾಗ ಕುಗ್ಗಿ, ಆ ಶಕ್ತಿಯನ್ನು ಮಾಮೂಲಿ ಶೂಗಳಲ್ಲಿರುವ ಇವಿಎ ಫೋಮಿಗಿಂತ ಜಾಸ್ತಿ ವಾಪಸ್ ಕೊಡುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ ನಿಯಮದಂತೆ 2024ರ ನವೆಂಬರಿನಿಂದ ಟ್ರ್ಯಾಕ್ ಓಟದ ಶೂವಿನ ಅಡಿಯ ದಪ್ಪ 20 ಮಿ.ಮೀ. ದಾಟುವಂತಿಲ್ಲ. ರಸ್ತೆ ಓಟಕ್ಕೆ 40 ಮಿ.ಮೀ. ಮಿತಿ. ನೀವು ನೋಡಿದ್ದು ದಪ್ಪ ಅಡಿಯದು, ರಸ್ತೆಗೆ ಮಾಡಿದ್ದು ಅಲ್ವಾ?

ನಮ್ಮ ಕಡೆ ಮಳೆಗಾಲದ ಜಾರು ಇಳಿಜಾರಿನಲ್ಲಿ ಅಂಥ ಎತ್ತರದ ಮೆತ್ತನೆ ಶೂ ಹಾಕಿದರೆ ಕಾಲು ಉಳುಕುವ ಭಯ ಬೇರೆ. ಅಭ್ಯಾಸಕ್ಕೆ ಹಿಡಿತ ಚೆನ್ನಾಗಿರುವ ಸಾದಾ ಶೂ, ಸ್ಪರ್ಧೆಗೆ ತೆಳು ಅಡಿಯ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಶೂ) ಸಾಕು. ಒದ್ದೆಯಾದರೆ ಬಚ್ಚಲೊಲೆ ಪಕ್ಕ ಇಡಬೇಡಿ. ಫೋಮ್ ಕುಗ್ಗುತ್ತದೆ, ಅಂಟು ಬಿಡುತ್ತದೆ. ಒಳಗೆ ಪೇಪರ್ ತುರುಕಿ ಗಾಳಿಗೆ ಇಡಿ.