ಡೆಬಿಯನ್ 12ರಲ್ಲಿ ಫೇಲ್2ಬ್ಯಾನ್ ಶುರುವಾಗದಿದ್ದರೆ

ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹೊಸದಾಗಿ ಹಾಕಿದ ಮೇಲೆ ಫೇಲ್2ಬ್ಯಾನ್ (ಪದೇ ಪದೇ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಪ್ರೋಗ್ರಾಂ) ಶುರುವಾಗುತ್ತಿಲ್ಲ, ಎಸ್‌ಎಸ್‌ಎಚ್‌ಡಿ ಜೈಲಿಗೆ (ದೂರದಿಂದ ಮಾಡುವ ಎಸ್‌ಎಸ್‌ಎಚ್ ಲಾಗಿನ್ ಕಾಯುವ ಅದರ ಭಾಗಕ್ಕೆ) ಲಾಗ್ ಫೈಲ್ ಸಿಗುತ್ತಿಲ್ಲ ಎಂಬ ಎರರ್ ಬರುತ್ತಿದೆ ಅಂದಿದ್ದೀರಿ. ಇದು ನಿಮ್ಮ ತಪ್ಪಲ್ಲ. ಈ ಆವೃತ್ತಿಯಿಂದ ಲಾಗ್‌ಗಳನ್ನು ಫೈಲಿಗೆ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಹಾಗಾಗಿ ಫೇಲ್2ಬ್ಯಾನ್ ಹುಡುಕುವ ಆತ್.ಲಾಗ್ ಫೈಲೇ ಇರುವುದಿಲ್ಲ. ಲಾಗಿನ್ ವಿವರವೆಲ್ಲ ಸಿಸ್ಟಮ್‌ಡಿ ಜರ್ನಲ್‌ಗೆ (ಸಿಸ್ಟಮ್‌ನದೇ ಲಾಗ್ ಸಂಗ್ರಹಕ್ಕೆ) ಹೋಗುತ್ತದೆ.

ಖಾಲಿ ಆತ್.ಲಾಗ್ ಮಾಡಿಟ್ಟರೆ ಸಾಕು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಸರ್ವಿಸ್ ಓಡುತ್ತದೆ, ಆದರೆ ಆ ಫೈಲಿಗೆ ಏನೂ ಬರದ ಕಾರಣ ಯಾರನ್ನೂ ತಡೆಯುವುದಿಲ್ಲ. ಅದು ನಿಂತಿರುವುದಕ್ಕಿಂತ ಅಪಾಯ.

ಫೇಲ್2ಬ್ಯಾನ್‌ಗೆ ನೀವೇ ಬರೆಯುವ ಸೆಟ್ಟಿಂಗ್ ಫೈಲ್ ಜೈಲ್.ಲೋಕಲ್‌ನ ಎಸ್‌ಎಸ್‌ಎಚ್‌ಡಿ ಭಾಗದಲ್ಲಿ ಬ್ಯಾಕೆಂಡ್ (ಲಾಗ್ ಎಲ್ಲಿಂದ ಓದಬೇಕು ಎಂಬುದು) ಅನ್ನು ಸಿಸ್ಟಮ್‌ಡಿ ಅಂತ ಕೊಡಿ. ಅದರ ಮೂಲ ಸೆಟ್ಟಿಂಗ್ ಫೈಲ್ ಜೈಲ್.ಕಾನ್ಫ್ ಮುಟ್ಟಬೇಡಿ, ಅಪ್‌ಡೇಟ್ ಬಂದಾಗ ತೊಂದರೆ. ಜರ್ನಲ್ ಓದಲು ಬೇಕಾದ ಪೈಥಾನ್3-ಸಿಸ್ಟಮ್‌ಡಿ ಪ್ಯಾಕೇಜ್ ಇದೆಯೇ ನೋಡಿ, ಫೇಲ್2ಬ್ಯಾನ್ ರೀಸ್ಟಾರ್ಟ್ ಮಾಡಿ. ಆಮೇಲೂ ಆಗದಿದ್ದರೆ ಜರ್ನಲ್ ನೋಡುವ ಕಮಾಂಡ್ ಜರ್ನಲ್‌ಸಿಟಿಎಲ್ ತೋರಿಸುವ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.