ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇದೆ, ಬೆಳಗಿನ ವಿಮಾನ ಹತ್ತಿದರೆ 11 ಗಂಟೆಗೆ ಆಸ್ಪತ್ರೆ ಸೇರಬಹುದಾ ಅಂತ ಕೇಳಿದ್ದೀರಿ. ನಾನೂ ಆ ಕಡೆಯವಳೇ, ಊರು ಪುತ್ತೂರಿನ ಹತ್ತಿರ. ಗೊತ್ತಿರುವಷ್ಟು ಹೇಳುತ್ತೇನೆ.

ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ವಿಮಾನಕ್ಕೆ ನೇರ ದೂರ 305 ಕಿ.ಮೀ. ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಮೇಲೆ ಹಾರುವುದು ಮುಕ್ಕಾಲು ಗಂಟೆ, ಅಷ್ಟೇ.

ಆದರೆ ಲೆಕ್ಕ ಮನೆ ಬಾಗಿಲಿಂದ ಹಾಕಬೇಕಲ್ವಾ? ಜಯನಗರದ ಕಡೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಅದಕ್ಕೂ ಮುಂಚೆ ಅಲ್ಲಿರಬೇಕು. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಲ್ಲಿ ಇಳಿದು ಬ್ಯಾಗ್ ತಗೊಂಡು ಪೇಟೆ ನಡುವಿನ ಹಂಪನಕಟ್ಟೆ ಮುಟ್ಟಲು ಇನ್ನೊಂದು ಗಂಟೆ. ಒಟ್ಟು ಐದು ಗಂಟೆ. ಬಸ್ಸಿಗೆ ಏಳೆಂಟು ಗಂಟೆ ಬೇಕು.

ಇದು ಬಿಸಿಲುಗಾಲದ ಲೆಕ್ಕ. ನೀವು ಹೋಗುತ್ತಿರುವುದು ಜುಲೈನಲ್ಲಿ, ನನಗೆ ಚಿಂತೆ ಅದೇ.

ಬಜ್ಪೆಯ ನಿಲ್ದಾಣ ಇರುವುದು ಗುಡ್ಡದ ನೆತ್ತಿ ಸಪಾಟು ಮಾಡಿದ ಜಾಗದಲ್ಲಿ. ರನ್‌ವೇ 2450 ಮೀಟರ್, ಅದರಾಚೆ ಇಳಿಜಾರು. ಮಳೆ ಮೋಡ ಗುಡ್ಡದ ಮೇಲೆ ಕೂತುಬಿಟ್ಟರೆ ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ. ಕಾಣದಿದ್ದರೆ ಇಳಿಸುವುದಿಲ್ಲ, ಇಳಿಸಲೂ ಬಾರದು.

ಒಂದು ಸಲ ನನಗೇ ಹೀಗಾಯಿತು. ಜುಲೈ ತಿಂಗಳು, ಸಂಜೆಯ ಕೊನೆಯ ವಿಮಾನ. ಕಿಟಕಿಯಲ್ಲಿ ಕೆಂಪು ಮಣ್ಣಿನ ಗುಡ್ಡ, ಅಡಿಕೆ ತೋಟ, ಹಂಚಿನ ಮನೆ ಒಂದು ಗಳಿಗೆ ಕಂಡವು. ಚಕ್ರ ಬಿಚ್ಚಿದ ಸದ್ದೂ ಕೇಳಿತು. ಅಷ್ಟರಲ್ಲಿ ಎಲ್ಲಾ ಬಿಳಿ. ಇಂಜಿನ್ ಜೋರಾಗಿ ಮೊರೆದು ವಿಮಾನ ಮತ್ತೆ ಮೇಲಕ್ಕೆ ಹೋಯಿತು. ಅರ್ಧ ಗಂಟೆ ಸುತ್ತು ಹೊಡೆದು ವಾಪಸ್ ಬೆಂಗಳೂರಿಗೇ ಬಂದೆವು. ಪಕ್ಕದ ಸೀಟಿನ ಅಜ್ಜಿ ಮಡಿಲಲ್ಲಿದ್ದ ಮಲ್ಲಿಗೆ ಹೂವಿನ ಕಟ್ಟನ್ನು ಗಟ್ಟಿಯಾಗಿ ಹಿಡಿದೇ ಇದ್ದರು. ಮರುದಿನ ಮೊಮ್ಮಗಳ ಮದುವೆಯಂತೆ. ನಾವಿಬ್ಬರೂ ಆ ರಾತ್ರಿಯೇ ಬಸ್ಸು ಹಿಡಿದೆವು.

ಹಾಗಾಗಿ ಆಪರೇಷನ್ ದಿನ ಬೆಳಿಗ್ಗೆ ಹೊರಡಲೇಬೇಡಿ. ಹಿಂದಿನ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ ಇರುವ ವಿಮಾನಕ್ಕೆ ಬುಕ್ ಮಾಡಿ, ಕೊನೆಯದ್ದು ಬೇಡ. ಬೆಳಿಗ್ಗೆ, ಮಧ್ಯಾಹ್ನದ ವಿಮಾನ ವಾಪಸ್ ಬಂದರೂ ರಾತ್ರಿ ಬಸ್ಸಿಗೆ ಟೈಮ್ ಇರುತ್ತದೆ. ಶಿರಾಡಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವುದೂ ಜುಲೈನಂಥ ಮಳೆ ತಿಂಗಳಲ್ಲೇ. ಆಗ ಚಾರ್ಮಾಡಿ ಅಥವಾ ಮಡಿಕೇರಿ ಮೇಲಿಂದ ಸುತ್ತಿ ಹೋಗಬೇಕು, ಜಾಸ್ತಿ ಹೊತ್ತು ಹಿಡಿಯುತ್ತದೆ. ಬಸ್ಸು ಹತ್ತುವ ಮೊದಲು ಯಾವ ಘಾಟಿಯಲ್ಲಿ ಹೋಗುತ್ತದೆ ಅಂತ ಕೇಳಿಕೊಳ್ಳಿ.